ಇಪ್ಪತ್ತು ಎಂದು ಬರೆದ ಉಸಿರು

ಆ ಕೇಸ್ ಶೀಟಿನ ಮೊದಲ ಪುಟದಲ್ಲಿ ನನ್ನ ಕೈಬರಹದ ನಾಲ್ಕು ಸಾಲುಗಳಿವೆ. ಜ್ವರ ನೂರಾ ಎರಡು. ನಾಡಿ ನೂರಾ ಹದಿನೆಂಟು. ರಕ್ತದೊತ್ತಡ ನೂರಾ ಆರು, ಎಪ್ಪತ್ತು. ಉಸಿರಾಟ ನಿಮಿಷಕ್ಕೆ ಇಪ್ಪತ್ತು. ಮೊದಲ ಮೂರನ್ನು ನಾನು ಅಳೆದಿದ್ದೆ. ನಾಲ್ಕನೆಯದನ್ನು ಬರೆದಿದ್ದೆ, ಅಷ್ಟೆ.

ಆಸ್ಪತ್ರೆಯೊಳಗೆ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ಗುಟ್ಟು. ಜ್ವರಕ್ಕೆ ಥರ್ಮಾಮೀಟರ್ ಇದೆ, ಒತ್ತಡಕ್ಕೆ ಯಂತ್ರ ಇದೆ, ಉಸಿರಿಗೆ ಮಾತ್ರ ಒಬ್ಬ ಮನುಷ್ಯ ರೋಗಿಯ ಎದೆ ನೋಡುತ್ತಾ ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ನಾನು ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನನ್ನ ಹೆತ್ತವರೂ ಕಂಡಿಲ್ಲ. ಹಾಗಾಗಿ ಇಪ್ಪತ್ತು. ಬಾಣಂತಿಗೂ ಇಪ್ಪತ್ತು, ಕಾಲು ಮುರಿದವನಿಗೂ ಇಪ್ಪತ್ತು. ದುಂಡಗಿರುವ ಸಂಖ್ಯೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಅದೊಂದು ಸೋಮವಾರದ ಬೆಳಿಗ್ಗೆ. ಹಿಂದೂಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಡ್ಯೂಟಿ ಡಾಕ್ಟರ್. ಅಂದರೆ ದೊಡ್ಡ ಡಾಕ್ಟರುಗಳು ಬರುವ ತನಕ ರೋಗಿ ಎದ್ದುಹೋಗದಂತೆ ನೋಡಿಕೊಳ್ಳುವವನು. ಲೇಪಾಕ್ಷಿಯ ಬಸ್ಸೂ ಚಿಲಮತ್ತೂರಿನ ಬಸ್ಸೂ ಒಟ್ಟಿಗೇ ಬಂದು ಜನ ಇಳಿಸಿದ್ದವು. ಆ ಗದ್ದಲದಲ್ಲಿ ಒಬ್ಬ ತಾಯಿ ಇಪ್ಪತ್ನಾಲ್ಕರ ಮಗನ ಮೊಣಕೈ ಹಿಡಿದು ನಡೆಸಿಕೊಂಡು ಬಂದರು. ಅವನು ಹಿಂದೂಪುರದ್ದೇ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುವವನು. ತಾಯಿ ಇರುವುದು ಕಲ್ಯಾಣದುರ್ಗದಲ್ಲಿ. ಮಗನಿಗೆ ಜ್ವರ ಎಂದು ತಿಳಿದು ಹಿಂದಿನ ದಿನವಷ್ಟೇ ಬಂದಿದ್ದರು.

“ನಾಕು ದಿನದಿಂದ ಚಳಿ ಜರ ಕಣಪ್ಪ. ಬಲಗಡೆ ಹೊಟ್ಟೆ ನೋಯ್ತದೆ ಅಂತಾನೆ. ಎರಡು ಸಲ ವಾಂತಿ ಮಾಡ್ಕಂಡವ್ನೆ. ಅದ್ಯಾರೋ ಸೂಜಿ ಹಾಕ್ಬುಟ್ಟು ಗ್ಯಾಸು ಅಂದ್ರಂತೆ. ಗ್ಯಾಸ್ಗೆ ಚಳಿ ಜರ ಬತ್ತದಾ?”

ನಾನು ನಕ್ಕೆ. ನಗಬಾರದಿತ್ತು. ಅವತ್ತು ಇಡೀ ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದ ಅತಿ ಒಳ್ಳೆಯ ವೈದ್ಯಕೀಯ ಪ್ರಶ್ನೆ ಅದೇ.

“ಕೆಮ್ಮು ಇದೆಯಾ?” ಎಂದು ಮಗನನ್ನು ಕೇಳಿದೆ.

“ಇಲ್ಲ ಸಾ.”

“ದಮ್ಮು?”

“ಇಲ್ಲ... ಸಾ.”

ಮಗ್ಗದ ಶೆಡ್ಡಿನವರು ಸಾಮಾನ್ಯವಾಗಿ ಜೋರು ದನಿಯವರು. ದಿನವಿಡೀ ಆ ಸದ್ದಿನ ಮೇಲೆ ಕೂಗಿ ಕೂಗಿ, ಹೊರಗೆ ಬಂದಮೇಲೂ ಪಕ್ಕದಲ್ಲಿ ನಿಂತವನನ್ನು ಪೆನುಕೊಂಡದಲ್ಲಿ ಇದ್ದಾನೇನೋ ಎಂಬಂತೆ ಕರೆಯುತ್ತಾರೆ. ಇವನು ಎರಡೆರಡೇ ಪದಗಳನ್ನು ಮೆಲ್ಲಗೆ ಹೊರಗೆ ಬಿಟ್ಟು ನಿಲ್ಲಿಸುತ್ತಿದ್ದ. ಅಲ್ಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಬದಲಿಗೆ, “ಏನಪ್ಪಾ, ಮಾತಿಗೂ ಕೂಲಿ ಕೇಳ್ತೀಯಾ?” ಎಂದು ರೇಗಿಸಿ ಹೊಟ್ಟೆ ಮುಟ್ಟಿದೆ. ಬಲಪಕ್ಕೆಯ ಕೆಳಗೆ ಒತ್ತಿದರೆ ಹೊಟ್ಟೆ ಬಿಗಿಯಾಗುತ್ತಿತ್ತು, ಮುಖ ಹಿಂಡುತ್ತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಹೊಟ್ಟೆಯ ದಾರಿಯಲ್ಲೇ ನಡೆಯಿತು. ರಕ್ತದಲ್ಲಿ ಬಿಳಿ ಕಣಗಳು ಹತ್ತೊಂಬತ್ತು ಸಾವಿರ. ಎಲ್ಲೋ ಸೋಂಕಿದೆ ಎಂದರ್ಥ. ಹೊಟ್ಟೆಯ ಸ್ಕ್ಯಾನಿನಲ್ಲಿ ಪಿತ್ತಕೋಶದ ಗೋಡೆ ತುಸು ದಪ್ಪ, ಕಲ್ಲಿಲ್ಲ, ಅಪೆಂಡಿಕ್ಸ್ ಕಾಣುತ್ತಿಲ್ಲ. ನಿಲ್ಲಿಸಿ ತೆಗೆದ ಹೊಟ್ಟೆಯ ಎಕ್ಸ್‌ರೇಯಲ್ಲಿ ನಾನು ನೋಡಿದ್ದು ಒಂದನ್ನೇ: ಕರುಳು ತೂತಾಗಿ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕೆಳಗೆ ಗಾಳಿ ಸೇರಿದೆಯೇ? ಇರಲಿಲ್ಲ. ಸಮಾಧಾನದಿಂದ ಫಿಲ್ಮನ್ನು ಲಕೋಟೆಗೆ ಸೇರಿಸಿದೆ. ಸಂಜೆ ಬಂದ ಸರ್ಜನ್ ಸಾರ್ ಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್ ಮೇಲೆ ಸರಿದು ಪಿತ್ತಜನಕಾಂಗದ ಕೆಳಗೆ ಅಡಗಿ ಕೂತಿರಬಹುದು, ನಾಳೆ ಹನ್ನೊಂದಕ್ಕೆ ತೆರೆದು ನೋಡೋಣ ಎಂದರು. ನಾವು ಕೊಟ್ಟ ಕಾಗದಗಳನ್ನು ನೋಡಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು. ಆ ಕಾಗದಗಳಲ್ಲಿ ಉಸಿರಾಟ ಇಪ್ಪತ್ತು ಎಂದಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ವಾರ್ಡಿಗೆ ಹೋದಾಗ ಅವನು ಮಂಚದ ಮೇಲೆ ಬಲಕ್ಕೆ ವಾಲಿಕೊಂಡು ಕೂತಿದ್ದ. ವಾರ್ಡಿನಲ್ಲಿ ಉಳಿದವರೆಲ್ಲ ನನ್ನ ಖಾಯಂ ಪ್ರೇಕ್ಷಕರು. ಅವರಿಗೆ ನಾನು ಮೊದಲು ಸರ್ಜನ್ ಸಾರ್ ನಡಿಗೆ ಮಾಡಿ ತೋರಿಸಿದೆ: ಆಪರೇಷನ್ ಇಲ್ಲದ ದಿನವೂ ತೊಳೆದ ಕೈ ಯಾರಿಗೂ ತಾಗಬಾರದೆಂಬಂತೆ ಎರಡೂ ಕೈ ಎತ್ತಿಕೊಂಡು, ಗದ್ದವನ್ನು ಕುತ್ತಿಗೆಗೆ ಒತ್ತಿಕೊಂಡು. ಆಮೇಲೆ ನಮ್ಮ ಹೆಡ್ ಸಿಸ್ಟರ್, ಕನ್ನಡಕದ ಮೇಲಿಂದ ನೋಡುವುದು. ಆಮೇಲೆ ನನ್ನನ್ನೇ: ಸ್ಟೆತಾಸ್ಕೋಪನ್ನು ಕಿವಿಗೆ ಹಾಕುವುದನ್ನು ಮರೆತು ಎದೆಗಿಟ್ಟು ತಲೆಯಾಡಿಸುವ ಡಾಕ್ಟರು. ಹರ್ನಿಯಾದ ತಾತ ಹೊಲಿಗೆ ಹಿಡಿದುಕೊಂಡು, “ಚಾಲಪ್ಪಾ, ಸಾಕು, ಹೊಲಿಗೆ ಕಿತ್ತೋಯ್ತದೆ” ಎಂದು ಬೇಡಿಕೊಂಡರು.

ನೇಕಾರ ಮಾತ್ರ ನಗಲಿಲ್ಲ. ಮಿಮಿಕ್ರಿ ಮಾಡುವವನಿಗೆ ನಗದವನೊಬ್ಬನಿದ್ದರೆ ಉಳಿದ ಹತ್ತು ಜನ ಕಾಣುವುದಿಲ್ಲ.

“ಇವನಿಗೆ ಇವನನ್ನೇ ತೋರಿಸ್ತೀನಿ ನೋಡಿ,” ಎಂದು ಪಕ್ಕದ ಖಾಲಿ ಮಂಚದ ಮೇಲೆ ಕೂತೆ.

ಒಬ್ಬರನ್ನು ಅಣಕಿಸಬೇಕಾದರೆ ಮೊದಲು ಅವರನ್ನು ಪೂರ್ತಿ ನೋಡಬೇಕು. ಇದೊಂದು ವಿಷಯದಲ್ಲಿ ನಾನು ಪ್ರಾಮಾಣಿಕ. ಅವನ ಬಲಗೈ ಪಕ್ಕೆಯ ಕೆಳಗಿತ್ತು, ನಾನೂ ಇಟ್ಟೆ. ಬಲಕ್ಕೆ ವಾಲಿದೆ. ಅವನು ಉಸಿರು ಎಳೆಯುತ್ತಿದ್ದ, ಅರ್ಧಕ್ಕೆ ಯಾರೋ ಬಾಗಿಲು ಹಾಕಿದಂತೆ ನಿಲ್ಲಿಸುತ್ತಿದ್ದ, ಬಿಡುವಾಗ ಗಂಟಲಲ್ಲಿ ಸಣ್ಣಗೆ ‘ಹ್ಞ’ ಎನ್ನುತ್ತಿದ್ದ. ಮೂಗಿನ ಹೊಳ್ಳೆ ಅರಳುತ್ತಿತ್ತು. ಎದೆಯ ಎಡಭಾಗ ಏಳುತ್ತಿತ್ತು, ಬಲಭಾಗ ಸುಮ್ಮನಿರುತ್ತಿತ್ತು. ಅದೇ ಲಯ ಹಿಡಿದು ನಾನೂ ಶುರು ಮಾಡಿದೆ. ಎಳೆ, ನಿಲ್ಲಿಸು, ಹ್ಞ. ಎಳೆ, ನಿಲ್ಲಿಸು, ಹ್ಞ. ವಾರ್ಡು ನಕ್ಕಿತು. ಅರ್ಧ ನಿಮಿಷವಾಗುವಷ್ಟರಲ್ಲಿ ನನ್ನ ತುಟಿ ಜುಮ್ಮೆಂದಿತು, ತಲೆ ತಿರುಗಿ ಮಂಚದ ಕಂಬಿ ಹಿಡಿದುಕೊಂಡೆ.

ಹೆಡ್ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ರೊದ್ದಂ ಕಡೆಯವರು, ನಾನು ಹುಟ್ಟುವ ಮೊದಲೇ ಈ ಕೆಲಸಕ್ಕೆ ಸೇರಿದವರು.

“ಸುಸ್ತಾಯ್ತಾ ಡಾಕ್ಟ್ರೇ?”

“ಹ್ಞೂಂ ಅಕ್ಕ, ಯಾಕೋ ತಲೆ...”

“ನಿಮಗೆ ಅರ್ಧ ನಿಮ್ಸಕ್ಕೇ ತಲೆ ತಿರುಗ್ತು. ಅವನು ನಿನ್ನೆಯಿಂದ ಹಂಗೇ ಎಳೀತಾವ್ನೆ.”

ವಾರ್ಡಿನ ನಗು ನಿಂತಿತು. ಮೊದಲು ನಿಂತದ್ದು ನನ್ನದು.

ಸಿಸ್ಟರ್ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನಾನು ಅವನ ನಾಡಿ ಹಿಡಿದಂತೆ ನಟಿಸುತ್ತಾ ಎದೆ ನೋಡಿದೆ. ಉಸಿರು ಎಣಿಸುತ್ತಿದ್ದೇವೆ ಎಂದು ಗೊತ್ತಾದರೆ ರೋಗಿ ಉಸಿರಾಟವನ್ನೇ ಬದಲಿಸಿಬಿಡುತ್ತಾನೆ. ಪೂರ್ತಿ ಒಂದು ನಿಮಿಷ. ಮೂವತ್ತಾರು. ನಂಬಿಕೆ ಬರದೆ ಮತ್ತೆ ಎಣಿಸಿದೆ. ಮೂವತ್ತಾರು. ಚಾರ್ಟ್ ತಿರುವಿದರೆ ನಿನ್ನೆ ಮಧ್ಯಾಹ್ನ ಇಪ್ಪತ್ತು, ಸಂಜೆ ಇಪ್ಪತ್ತು, ಇಂದು ಬೆಳಿಗ್ಗೆ ಇಪ್ಪತ್ತು.

“ನನ್ ಹುಡುಗೀರೂ ನಿಮ್ದನ್ನೇ ನೋಡಿ ಕಾಪಿ ಹೊಡ್ದವ್ರೆ,” ಎಂದರು ಸಿಸ್ಟರ್. “ಡಾಕ್ಟ್ರು ಬರೆದವ್ರೆ ಅಂದ್ರೆ ಸರಿಯಾಗೇ ಇರ್ತದೆ ಅಂತ. ನಾನೂ ಸಹಿ ಹಾಕಿವ್ನಿ. ಈಗ ಬೆನ್ನು ನೋಡ್ತೀರಾ, ಇಲ್ಲ ನನ್ ಮಿಮಿಕ್ರಿ ಇನ್ನೊಂದು ಸಲ ಮಾಡ್ತೀರಾ?”

ಬೆನ್ನು ನೋಡಿದೆ. ಬೆರಳಿಟ್ಟು ತಟ್ಟುತ್ತಾ ಇಳಿದೆ. ಎಡಗಡೆ ಕೊನೆತನಕ ಖಾಲಿ ಡಬ್ಬದ ಸದ್ದು. ಬಲಗಡೆ ಭುಜದ ಮೂಳೆಯ ಕೆಳಗೆ ತುಂಬಿದ ಮೂಟೆಯ ಸದ್ದು. ಸ್ಟೆತಾಸ್ಕೋಪ್ ಇಟ್ಟರೆ, ಎಲೆಗಳ ಸರಪರದಂತೆ ಮೆತ್ತಗಿರಬೇಕಾದ ಉಸಿರು ಅಲ್ಲಿ ಕೊಳವೆಯಲ್ಲಿ ಊದಿದಂತೆ ಒರಟಾಗಿತ್ತು, ಉಸಿರೆಳೆದ ಕೊನೆಯಲ್ಲಿ ಉಪ್ಪು ಸಿಡಿದಂತೆ ಚಟಪಟ. “ಒಂದು ಒಂದು ಅನ್ನು” ಎಂದರೆ ಅವನ ಪಿಸುಮಾತು ಆ ಜಾಗದಲ್ಲಿ ಮಾತ್ರ ನನ್ನ ಕಿವಿಯೊಳಗೇ ಹೇಳಿದಷ್ಟು ಸ್ಪಷ್ಟ. ಪಾಠದಲ್ಲಿ ಓದಿದ ನ್ಯುಮೋನಿಯಾ ಅಕ್ಷರಶಃ ಹೀಗೇ ಇರುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು ನೀರು ತುಂಬಿ ಆ ಭಾಗ ಗಟ್ಟಿಯಾಗಿತ್ತು. ಅದು ಶ್ವಾಸಕೋಶದ ತಳದಲ್ಲಿ, ವಪೆಗೆ ಅಂಟಿಕೊಂಡಂತೆ ಇದ್ದದ್ದರಿಂದ ನೋವು ಹೊಟ್ಟೆಯಲ್ಲಿ ಕಾಣಿಸಿಕೊಂಡಿತ್ತು. ಬೆರಳಿಗೆ ಸಿಕ್ಕಿಸುವ ಯಂತ್ರ ಆಮ್ಲಜನಕ ತೊಂಬತ್ತೊಂದು ಎಂದಿತು.

“ಕೆಮ್ಮಿಲ್ಲ ಅಂದ್ಯಲ್ಲೋ ತಮ್ಮಾ?”

ಉತ್ತರ ಕೊಟ್ಟದ್ದು ತಾಯಿ. “ಕೆಮ್ಮಿದ್ರೆ ಪಕ್ಕೆ ಕಿತ್ಕಂಡು ಬತ್ತದೆ ಅಂತ ತಡ್ಕಂತಾನೆ ಕಣಪ್ಪ. ಬಾಯಿಗೆ ಟವಲ್ ಒತ್ಕಂಡು ತಡ್ಕಂತಾನೆ. ನೀವು ಕೆಮ್ಮು ಐತಾ ಅಂದ್ರಿ, ಇಲ್ಲ ಅಂದ. ತಡ್ಕಂತೀಯಾ ಅಂತ ಕೇಳ್ಲಿಲ್ವಲ್ಲ.”

ಲಕೋಟೆಯಿಂದ ನಿನ್ನೆಯ ಹೊಟ್ಟೆಯ ಫಿಲ್ಮ್ ತೆಗೆದು ಕಿಟಕಿಗೆ ಹಿಡಿದೆ. ವಪೆಯ ಕೆಳಗೆ ನಾನು ಅಷ್ಟು ಹುಡುಕಿದ್ದೆನಲ್ಲ, ಅದರ ಮೇಲೆ, ಫಿಲ್ಮಿನ ಅಂಚಿನಲ್ಲಿ, ಎರಡೂ ಶ್ವಾಸಕೋಶಗಳ ತಳ ನಾಲ್ಕು ಬೆರಳಿನಷ್ಟು ಬಂದಿತ್ತು. ಎಡಗಡೆ ಕಪ್ಪು. ಬಲಗಡೆ ಬೆಳ್ಳನೆ ಮಬ್ಬು. ಇಡೀ ದಿನ ಅದು ಅಲ್ಲೇ ಇತ್ತು.

ಗಂಟೆ ಒಂಬತ್ತೂ ನಲವತ್ತು. ಥಿಯೇಟರ್ ಸಜ್ಜಾಗುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರು ಹತ್ತೂವರೆಗೆ ಬರುವವರಿದ್ದರು; ಅವರು ನಮ್ಮ ತಪ್ಪನ್ನು ಹಿಡಿಯುತ್ತಿದ್ದರೋ ಏನೋ. ಹಿಡಿಯದಿದ್ದರೆ? ಅರ್ಧ ಉಸಿರಿನಲ್ಲಿ ಬದುಕುತ್ತಿರುವವನನ್ನು ಮಲಗಿಸಿ, ಅರಿವಳಿಕೆ ಕೊಟ್ಟು, ಏನೂ ಆಗದ ಹೊಟ್ಟೆಯನ್ನು ಕುಯ್ಯುತ್ತಿದ್ದೆವು. ಆಮೇಲೆ ಅವನು ಕೆಮ್ಮಲಾರ, ಉಸಿರೆಳೆಯಲಾರ. ಎದ್ದು ಬರುತ್ತಿದ್ದನೆಂದು ನಾನು ಹೇಳಲಾರೆ.

ಸರ್ಜನ್ ಸಾರ್ ಬಳಿಗೆ ಹೋಗುವ ಮೆಟ್ಟಿಲು ಹದಿನಾಲ್ಕು. ಆ ಮನುಷ್ಯನನ್ನು ನಾನು ದಿನಕ್ಕೆ ಮೂರು ಸಲ ಅಣಕಿಸುತ್ತೇನೆ. ಎದುರಿಗೆ ನಿಂತು ತಪ್ಪು ಎಂದದ್ದು ಒಮ್ಮೆಯೂ ಇಲ್ಲ. ನನ್ನ ಬಳಿ ಎಲ್ಲರ ದನಿಯೂ ಇದೆ. ಅವತ್ತು ಬೇಕಾದದ್ದು ನನ್ನದು, ಅದು ಸ್ವಲ್ಪ ಕೀರಲಾಗಿ ಬಂತು.

“ಸಾರ್, ಆಪರೇಷನ್ ನಿಲ್ಲಿಸಬೇಕು. ಅದು ಹೊಟ್ಟೆಯಲ್ಲ. ನ್ಯುಮೋನಿಯಾ.”

ಅವರು ಗದ್ದ ಕುತ್ತಿಗೆಗೆ ಒತ್ತಿಕೊಂಡರು. “ಉಸಿರಾಟ ಇಪ್ಪತ್ತು ಅಂತ ಬರೆದಿದ್ದೀರಿ.”

“ಎಣಿಸಿರಲಿಲ್ಲ ಸಾರ್. ಈಗ ಎಣಿಸಿದೆ. ಮೂವತ್ತಾರು.”

ಒಂದು ಕ್ಷಣ ಬೈಗುಳಕ್ಕೆ ಕಾದೆ. ಅವರು ಫಿಲ್ಮ್ ಕಿತ್ತುಕೊಂಡು ಬೆಳಕಿಗೆ ಹಿಡಿದರು, ಮೆಟ್ಟಿಲಿಳಿದರು. ಮಂಚದ ಮೇಲೆ ಕೂತು, ಅಂಗೈಯನ್ನು ಅವನ ಹೊಟ್ಟೆಯ ಮೇಲೆ ಸುಮ್ಮನೆ ಇಟ್ಟು, ತಾಯಿಯ ಕಡೆ ತಿರುಗಿ, “ಕಲ್ಯಾಣದುರ್ಗದಲ್ಲಿ ಎಲ್ಲಮ್ಮಾ ಮನೆ? ಮಳೆ ಆಯ್ತಾ?” ಎಂದು ಕೇಳತೊಡಗಿದರು. ಆಕೆ ಹೇಳುತ್ತಿದ್ದಂತೆ, ಮಗನ ಗಮನ ಅತ್ತ ಹೋದಂತೆ, ಅಂಗೈ ನಿಧಾನವಾಗಿ ಒಳಗಿಳಿಯಿತು. ಉಸಿರು ಬಿಟ್ಟಾಗ ಹೊಟ್ಟೆ ಹಿಟ್ಟಿನಂತೆ ಮೆತ್ತಗಿತ್ತು. ಉಸಿರೆಳೆದಾಗ ಮಾತ್ರ ಬಿಗಿಯುತ್ತಿತ್ತು. ಇಷ್ಟು ಚಂದದ ಪರೀಕ್ಷೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಈ ಕೇಸು ನಂದಲ್ಲ,” ಎಂದು ಎದ್ದರು. “ಎದೆ. ಮೇಡಂಗೆ ಫೋನ್ ಮಾಡಿ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಬೇಗ ಬಂದು ಹೇಳಿದಿರಿ. ಒಳ್ಳೆಯದಾಯ್ತು.” ನಾನು ಅವರ ನಡಿಗೆಯನ್ನು ಆಮೇಲೂ ಅಣಕಿಸಿದ್ದೇನೆ, ಆದರೆ ಕೈಗಳನ್ನು ಇನ್ನೂ ತುಸು ಗೌರವದಿಂದ ಎತ್ತುತ್ತೇನೆ.

ಫಿಸಿಷಿಯನ್ ಮೇಡಂ ಅರ್ಧ ಗಂಟೆಯಲ್ಲಿ ಬಂದರು. ಬೆನ್ನು ಕೇಳಿದರು, ಎದೆಯ ಎಕ್ಸ್‌ರೇ ತೆಗೆಸಿದರು: ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬಿಳಿ. ಕಾಯಿಲೆ ಎಷ್ಟು ಗಟ್ಟಿ ಎಂದು ಅಳೆಯಲು ಐದು ಪ್ರಶ್ನೆಗಳ ಲೆಕ್ಕವಿದೆ; ಬೆರಳು ಮಡಚುತ್ತಾ ನನ್ನನ್ನೇ ಕೇಳಿದರು. ಮಂಪರು, ಗೊಂದಲ? ಇಲ್ಲ. ರಕ್ತದ ಯೂರಿಯಾ? ಐವತ್ತೆರಡು, ಜಾಸ್ತಿ. ಒತ್ತಡ ಬಿದ್ದಿದೆಯೇ? ಅಂಚಿನಲ್ಲಿದೆ, ಬಿದ್ದಿಲ್ಲ. ವಯಸ್ಸು ಅರವತ್ತೈದು ದಾಟಿದೆಯೇ? ಇಲ್ಲ.

“ಉಸಿರು ಮೂವತ್ತಾದರೂ ಇದೆಯಾ?”

“ಮೂವತ್ತಾರು ಮೇಡಂ.”

“ಎಣಿಸಿದ್ದಾ, ಬರೆದದ್ದಾ?”

ಅಷ್ಟರೊಳಗೆ ಸುದ್ದಿ ಅವರನ್ನು ಮುಟ್ಟಿತ್ತು. ಸಿಸ್ಟರ್ ಕನ್ನಡಕ ಒರೆಸುತ್ತಾ ಸೂರು ನೋಡುತ್ತಿದ್ದರು.

ಯೂರಿಯಾಕ್ಕೊಂದು, ಉಸಿರಿಗೊಂದು, ಒಟ್ಟು ಎರಡು ಅಂಕ; ಮನೆಗೆ ಕಳಿಸುವ ಮಾತಿಲ್ಲ. ಮೊದಲು ರಕ್ತದಲ್ಲಿ ರೋಗಾಣು ಬೆಳೆಯುತ್ತದೆಯೇ ನೋಡಲು ಎರಡು ಬಾಟಲಿಗೆ ರಕ್ತ ತೆಗೆದೆವು, ಆಮೇಲೆಯೇ ಆಂಟಿಬಯಾಟಿಕ್: ನರಕ್ಕೆ ಸೆಫ್ಟ್ರಿಯಾಕ್ಸೋನ್, ಜೊತೆಗೆ ಅಜಿಥ್ರೋಮೈಸಿನ್. ಮಾಸ್ಕಿನಲ್ಲಿ ಆಮ್ಲಜನಕ. ಕಫವನ್ನು ಕ್ಷಯದ ಪರೀಕ್ಷೆಗೂ ಕಳಿಸಿದೆವು; ನಮ್ಮ ಕಡೆ ಅದನ್ನು ಕೇಳದೆ ಯಾವ ಎದೆಯನ್ನೂ ನಂಬುವಂತಿಲ್ಲ. ನೋವಿಗೆ ಸರಿಯಾಗಿ ಔಷಧಿ ಬರೆಯುತ್ತಾ ಮೇಡಂ ಹೇಳಿದರು: “ನೋವು ಇಳಿದರೆ ಕೆಮ್ತಾನೆ. ಕೆಮ್ಮಿದರೆ ಬದುಕ್ತಾನೆ.” ತಾಯಿಗೆ ಒಂದು ದಿಂಬು ಕೊಟ್ಟು, ಮಗ ಕೆಮ್ಮುವಾಗ ಅದನ್ನು ಪಕ್ಕೆಗೆ ಒತ್ತಿ ಹಿಡಿಯಲು ಕಲಿಸಿದರು.

ಬುಧವಾರ ಜ್ವರ ಇಳಿಯಿತು. ಉಸಿರು ಇಪ್ಪತ್ತೆಂಟಾಯಿತು. ಗುರುವಾರ ಅವನು ಇಡ್ಲಿ ತಿಂದ. ನಾನು ವಾರ್ಡಿನಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ. ತಪ್ಪು ಮಾಡಿದವನು ನಾನೇ, ಪದಕ ಹಾಕಿಕೊಂಡವನೂ ನಾನೇ.

ಶುಕ್ರವಾರ ಬೆಳಿಗ್ಗೆ ಜ್ವರ ನೂರಾ ಮೂರು. ಉಸಿರು ಮತ್ತೆ ಮೂವತ್ತೆರಡು. ಇಡ್ಲಿ ತಟ್ಟೆಯಲ್ಲೇ ಉಳಿಯಿತು.

ಸೋಮವಾರ ಹೊಟ್ಟೆ ಅಂದವರು ಈಗ ಎದೆ ಅನ್ನುತ್ತಿದ್ದಾರೆ, ಅದಕ್ಕೂ ವಾಸಿಯಾಗಿಲ್ಲ; ಕಲ್ಯಾಣದುರ್ಗದಿಂದ ನೆಂಟರ ಫೋನುಗಳು ಶುರುವಾದವು. ತಾಯಿ ನನ್ನನ್ನು ಕಾರಿಡಾರಿನಲ್ಲಿ ಹಿಡಿದರು.

“ಬೆಂಗಳೂರ್ಗೆ ಕರ್ಕಂಡೋಗು ಅಂತಾವ್ರೆ. ನಿಮ್ಮೇಲೆ ನಂಬ್ಕೆ ಇಲ್ಲ ಅಂತ ಅಲ್ಲ ಕಣಪ್ಪ. ಇರೋನು ಒಬ್ನೇ. ನೀವೇ ಹೇಳಿ, ನಿಮ್ ತಮ್ಮ ಆಗಿದ್ರೆ ಏನ್ ಮಾಡ್ತಿದ್ರಿ?”

“ಮೇಡಂ ನೋಡೋ ತನಕ ಒಂದು ಗಂಟೆ ಕೊಡಿ ಅಮ್ಮಾ” ಎಂದೆ.

ಮೇಡಂ ಬಂದೊಡನೆ ನಾನು ಔಷಧಿ ಕಪಾಟಿನ ಅತಿ ದೊಡ್ಡ ಆಂಟಿಬಯಾಟಿಕ್ ಹೆಸರು ಹೇಳಿದೆ. ಅವರು ನನ್ನನ್ನೇ ನೋಡಿದರು. “ಔಷಧಿ ಸೋತಿದೆ ಅಂತ ಯಾರು ಹೇಳಿದ್ದು? ಔಷಧಿ ಹೋಗಲಾಗದ ಜಾಗದಲ್ಲಿ ಏನಾದರೂ ಕೂತಿರಬಹುದಲ್ಲ. ಮತ್ತೆ ತಟ್ಟಿ ನೋಡು.”

ತಟ್ಟಿದೆ. ಮೂಟೆಯ ಸದ್ದು ಹೋಗಿತ್ತು. ಈಗ ಕಲ್ಲಿನ ಸದ್ದು. ಉಸಿರಿನ ಸದ್ದೇ ಇಲ್ಲ. ಎದೆಯ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶಕ್ಕೂ ಪಕ್ಕೆಗೂ ನಡುವೆ ಕಪ್ಪಗೆ ನೀರು.

ಮೇಡಂ ತಾಯಿಯನ್ನು ಕೂರಿಸಿ ನೇರವಾಗಿ ಹೇಳಿದರು. “ಎದೆಯ ಸುತ್ತ ನೀರು ತುಂಬಿದೆ. ಅದು ತಿಳಿ ನೀರೋ ಕೀವೋ ಹೊರಗಿನಿಂದ ಗೊತ್ತಾಗಲ್ಲ. ಈಗ ಸೂಜಿ ಹಾಕಿ ತೆಗೀತೀನಿ. ಕೀವಾಗಿದ್ದರೆ ಇಲ್ಲಿ ಇಟ್ಕೊಳ್ಳಲ್ಲ. ಕೊಳವೆ ಹಾಕಬೇಕು, ನಾನೇ ಆಂಬುಲೆನ್ಸ್ ಕರೆಸಿ ಬೆಂಗಳೂರಿಗೆ ಕಳಿಸ್ತೀನಿ. ತಿಳಿ ನೀರಾದರೆ ಇಲ್ಲೇ ವಾಸಿಯಾಗ್ತಾನೆ. ಹೀಗೇ ಈಗ ಕರ್ಕೊಂಡು ಹೊರಟರೆ ದಾರಿಯಲ್ಲಿ ಉಸಿರು ಇನ್ನೂ ಕಟ್ಟಬಹುದು. ನೀರು ತೆಗೆದಮೇಲೆ ಎಲ್ಲಿಗೆ ಹೋದರೂ ಹಗುರಾಗಿ ಹೋಗ್ತಾನೆ.”

ತಾಯಿ ಮಗನನ್ನು ನೋಡಿದರು. ಮಗ ಮಾಸ್ಕಿನೊಳಗಿಂದ ತಲೆಯಾಡಿಸಿದ. “ತೆಗೀರಮ್ಮ,” ಎಂದರು ಆಕೆ.

ಅವನನ್ನು ಕೂರಿಸಿ ಎದುರಿಗೆ ಊಟದ ಮೇಜು ಇಟ್ಟು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಕೈಗಳು. ಸ್ಕ್ಯಾನ್ ತೋರಿಸಿದ ಜಾಗಕ್ಕೆ ಪೆನ್ನಿನಲ್ಲಿ ಗುರುತು. ನನ್ನ ಕೆಲಸ ಅವನ ಮುಂದೆ ಕೂತು ಎರಡೂ ಕೈ ಹಿಡಿದುಕೊಳ್ಳುವುದು.

“ಒಂದು ವಿಷಯ,” ಎಂದರು ಮೇಡಂ ಕೈಗವಸು ಹಾಕಿಕೊಳ್ಳುತ್ತಾ. “ಇವನು ನಕ್ಕರೂ ಕೆಮ್ಮಿದರೂ ಸೂಜಿ ಶ್ವಾಸಕೋಶಕ್ಕೆ ತಾಗುತ್ತೆ. ನೀನು ಬಾಯಿ ಮುಚ್ಕೊಂಡಿರು. ಮುಖಾನೂ ಮುಚ್ಕೋ, ಅದೂ ನಗು ಬರಿಸುತ್ತೆ.”

ಪಕ್ಕೆಲುಬಿನ ಕೆಳಅಂಚಿನಲ್ಲಿ ರಕ್ತನಾಳವಿರುತ್ತದೆ. ಅದಕ್ಕೇ ಸೂಜಿ ಯಾವಾಗಲೂ ಮೇಲಂಚನ್ನು ಸವರಿಕೊಂಡು ಹೋಗಬೇಕು. ಮೊದಲು ಮರಗಟ್ಟಿಸುವ ಔಷಧಿ, ಆಮೇಲೆ ದೊಡ್ಡ ಸೂಜಿ. ಅವನ ಉಗುರುಗಳು ನನ್ನ ಅಂಗೈಗೆ ಇಳಿದವು. ಸಿರಿಂಜ್ ನನಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವನ ಬೆನ್ನ ಹಿಂದೆ ನಿಂತ ಸಿಸ್ಟರ್ ಮುಖ. ನಾನು ಅವರ ಮುಖವನ್ನು ವರ್ಷವಿಡೀ ಅಭ್ಯಾಸ ಮಾಡಿದವನು. ಹುಬ್ಬು ಗಂಟಿಕ್ಕಿತು. ಹಾಗೇ ಇತ್ತು. ಆಮೇಲೆ ನಿಧಾನವಾಗಿ ಬಿಚ್ಚಿತು.

“ಒಣಹುಲ್ಲಿನ ಬಣ್ಣ ಕಣಮ್ಮ,” ಎಂದರು ಅವರು ಬಾಗಿಲಾಚೆ ನಿಂತಿದ್ದ ತಾಯಿಗೆ. “ತಿಳಿ ಐತೆ.”

ನಾನೂರೈವತ್ತು ಮಿಲಿ ಲೀಟರ್ ಬಂತು. ಕೊನೆಯಲ್ಲಿ ಅವನು ತಾನಾಗೇ ಒಂದು ಉಸಿರು ಎಳೆದ. ಆ ವಾರದಲ್ಲಿ ಮೊದಲ ಬಾರಿಗೆ ಅರ್ಧದಲ್ಲಿ ನಿಲ್ಲಿಸಲಿಲ್ಲ. ನೀರನ್ನು ಪರೀಕ್ಷೆಗೆ ಕಳಿಸಿದೆವು: ಕೀವಾಗಿದ್ದರೆ ಇಳಿಯುವ ಸಕ್ಕರೆ ಅಂಶ ಚೆನ್ನಾಗಿದೆ, ರೋಗಾಣು ಕಾಣುವುದಿಲ್ಲ, ಕ್ಷಯದ ಗುರುತಿಲ್ಲ. ಕಫದಲ್ಲೂ ಕ್ಷಯವಿಲ್ಲ. ರಕ್ತದ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಮೊದಲೇ ಎಲ್ಲೋ ಹಾಕಿದ ಸೂಜಿಗಳ ಫಲ ಅದು. ಹಾಗಾಗಿ ನಮ್ಮ ಶತ್ರುವಿನ ಹೆಸರು ಕೊನೆಗೂ ನಮಗೆ ತಿಳಿಯಲಿಲ್ಲ. ಔಷಧಿ ಬದಲಿಸಲಿಲ್ಲ. ಭಾನುವಾರ ಜ್ವರ ಹೋಯಿತು, ಮತ್ತೆ ಬರಲಿಲ್ಲ. ಬುಧವಾರ ಮಾತ್ರೆ ಕೊಟ್ಟು, ಮೂರು ವಾರ ಶೆಡ್ಡಿನ ಕಡೆ ತಲೆ ಹಾಕಬೇಡ, ಬೀಡಿ ಮುಟ್ಟಬೇಡ, ಆರು ವಾರಕ್ಕೆ ಎಕ್ಸ್‌ರೇ ತೆಗೆಸಿ ತೋರಿಸು ಎಂದು ಊರಿಗೆ ಕಳಿಸಿದೆವು.

ಆರು ವಾರಕ್ಕೆ ಫೋನಿನಲ್ಲಿ ಒಂದು ಫೋಟೋ ಬಂತು. ಕಲ್ಯಾಣದುರ್ಗದಲ್ಲೇ ತೆಗೆಸಿದ ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು ಹೊಡೆದ ಫೋಟೋ. ಶ್ವಾಸಕೋಶಕ್ಕಿಂತ ಟ್ಯೂಬ್‌ಲೈಟೇ ಚೆನ್ನಾಗಿ ಬಂದಿತ್ತು.

“ಇದರಲ್ಲಿ ಏನು ನೋಡೋದು?” ಎಂದರು ಮೇಡಂ. “ನೀನೇ ಹೋಗಿ ನೋಡ್ಕೊಂಡು ಬಾ. ಭಾನುವಾರ ಹೇಗೂ ಯಾರನ್ನಾದರೂ ಆಡ್ಕೊಂಡು ಕೂತಿರ್ತೀಯ.”

ಹೋದೆ. ಕಲ್ಯಾಣದುರ್ಗದ ಬಸ್ ನಿಲ್ದಾಣಕ್ಕೆ ಅವನೇ ಬಂದಿದ್ದ. ನನ್ನ ಚೀಲ ಕಿತ್ತುಕೊಂಡು ಮುಂದೆ ಮುಂದೆ ನಡೆದ. ಓಣಿಯ ಏರಿನಲ್ಲಿ ಏದುಸಿರು ಬಿಟ್ಟವನು ನಾನು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ ಬೆನ್ನು ತಟ್ಟಿದೆ, ಕೇಳಿದೆ. ಬಲಗಡೆ ಕೊನೆಯ ಎರಡು ಬೆರಳಿನಷ್ಟು ಜಾಗ ಬಿಟ್ಟರೆ ತಳದ ತನಕ ಗಾಳಿ ಮೆತ್ತಗೆ ಹೋಗುತ್ತಿತ್ತು. ಫಿಲ್ಮನ್ನು ಆಕಾಶಕ್ಕೆ ಹಿಡಿದರೆ ಒಂದು ಮೂಲೆ ತುಸು ಮೊಂಡಾಗಿತ್ತು, ಅಷ್ಟೆ. ನಾಡಿ ಹಿಡಿದಂತೆ ನಟಿಸಿ ಪೂರ್ತಿ ಒಂದು ನಿಮಿಷ ಎಣಿಸಿದೆ. ಹದಿನಾರು.

ತಾಯಿ ಒಳಗೆ ಉಗ್ಗಾಣಿ ಮಾಡುತ್ತಿದ್ದರು. ಮಂಡಕ್ಕಿಗೆ ಒಗ್ಗರಣೆ ಬಿದ್ದ ವಾಸನೆ ಓಣಿಗೆಲ್ಲ ಹರಡಿತ್ತು. ಹೊರಗೆ ಬಂದು, ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರನ್ನು ನಿಲ್ಲಿಸಿ, “ನೋಡು, ಇವ್ರೇ ಆ ಡಾಕ್ಟ್ರು. ನನ್ ಮಗ ಕೂತಂಗೆ ಕೂತು, ಅವನು ಉಸಿರಾಡಿದಂಗೆ ಆಡಿ, ಕಾಯ್ಲೆ ಕಂಡುಹಿಡಿದ್ಬುಟ್ರು. ದೇವ್ರು ಬಂದಂಗೆ ಬಂದ್ರು” ಎಂದರು.

ಹೊಗಳಿಕೆ ನನಗೆ ಹೊಸದಲ್ಲ. ನನ್ನನ್ನು ನಾನೇ ದಿನಾ ಹೊಗಳಿಕೊಳ್ಳುತ್ತೇನೆ. ಆದರೆ ಇದು ನನಗೆ ಸಲ್ಲಬೇಕಾದದ್ದಲ್ಲ. ಆ ಹೆಂಗಸು ಹೋದಮೇಲೆ ಹೇಳಿದೆ.

“ಅಮ್ಮಾ, ಮೊದಲ ದಿನ ನಾನು ಎಣಿಸಿರಲಿಲ್ಲ.”

“ಏನು?”

“ಉಸಿರು. ನೋಡದೇನೇ ಇಪ್ಪತ್ತು ಅಂತ ಬರೆದುಬಿಟ್ಟೆ. ನೋಡಿದ್ರೆ ಸೋಮವಾರಾನೇ ಗೊತ್ತಾಗ್ತಿತ್ತು. ಹೊಟ್ಟೆ ಕುಯ್ಯೋ ತನಕ ಹೋಗ್ತಿರಲಿಲ್ಲ.”

ಸೌಟು ಹಿಡಿದ ಕೈ ನಿಂತಿತು. ಮಗ ತಲೆ ತಗ್ಗಿಸಿದ.

“ಎಣಿಸಾಕೆ ಎಷ್ಟೊತ್ತು ಬೇಕು?”

“ಒಂದು ನಿಮಿಷ.”

“ಆ ಒಂದು ನಿಮ್ಸದಾಗೆ ಏನ್ ಮಾಡ್ತಿದ್ದೆ?” ‘ನೀವು’ ಹೋಗಿತ್ತು.

“ತಮಾಷೆ ಮಾಡ್ತಿದ್ದೆ.”

ಆಕೆ ಸೌಟನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಹೇಳಿದರು: “ನಾನು ಅಲ್ಲೇ ಕುಂತಿದ್ನಲ್ಲೋ. ಬೆಳಗಿನಿಂದ ಸಂಜೆಗಂಟ ಅವನ ಎದೇನೇ ನೋಡ್ಕಂಡು ಕುಂತಿದ್ದೆ. ನಂಗೆ ಹೇಳಿದ್ರೆ ನಾನು ಎಣಿಸ್ತಿರ್ಲಿಲ್ವಾ? ನೂರ್ಗಂಟ ಬತ್ತದೆ ಕಣ್ಲಾ ನಂಗೆ.”

ಆಕೆ ಒಳಗೆ ಹೋಗಿ ತಟ್ಟೆ ತಂದು ನನ್ನ ಮುಂದೆ ಕುಕ್ಕಿದರು. ಉಗ್ಗಾಣಿ, ಪಕ್ಕದಲ್ಲಿ ಮೂರು ಮೆಣಸಿನಕಾಯಿ ಬಜ್ಜಿ. “ತಿನ್ನು. ಹಸ್ಕಂಡು ಬಂದಿದ್ದೀಯ.” ಎರಡನೇ ಸಲ ಬಡಿಸುವಾಗಲೂ ಮುಖ ಬಿಗಿಯಾಗೇ ಇತ್ತು, ಬಡಿಸಿದ್ದು ಮಾತ್ರ ಮೊದಲಿಗಿಂತ ಜಾಸ್ತಿ.

ನನ್ನ ವೈದ್ಯಕೀಯದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಬೈಗುಳ ಇನ್ನೊಂದಿಲ್ಲ. ಈಗ ನಮ್ಮ ವಾರ್ಡಿಗೆ ಯಾರೇ ಬರಲಿ, ಪಕ್ಕದಲ್ಲಿ ಕೂತ ಅಮ್ಮನೋ ಹೆಂಡತಿಯೋ ತಮ್ಮನೋ ಇರುತ್ತಾರಲ್ಲ, ಅವರ ಕೈಗೆ ಗಡಿಯಾರ ಕೊಟ್ಟು, ನಾನು ಎಣಿಸುವಾಗ ನೀವೂ ಎಣಿಸಿ, ಮಧ್ಯಾಹ್ನ ಮತ್ತೆ ಎಣಿಸಿ ಸಿಸ್ಟರ್‌ಗೆ ಹೇಳಿ ಎನ್ನುತ್ತೇನೆ. ಆ ಒಂದು ನಿಮಿಷ ನಾನೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತೇನೆ. ಸಿಸ್ಟರ್ ಅದನ್ನು ನೋಡಲೆಂದೇ ಬಾಗಿಲಿಗೆ ಬರುತ್ತಾರೆ. ಮನೆಯವರು ಯಾರೂ ದುಂಡಗೆ ಇಪ್ಪತ್ತು ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಹದಿನೇಳು ಎನ್ನುತ್ತಾರೆ, ಇಪ್ಪತ್ತಮೂರು ಎನ್ನುತ್ತಾರೆ. ಮೊನ್ನೆ ಗಂಡನ ಪಕ್ಕ ಕೂತ ಒಬ್ಬ ಅಜ್ಜಿ ಗಡಿಯಾರವನ್ನು ಕಣ್ಣಿಗೆ ಹತ್ತಿರ ಹಿಡಿದು ಎಣಿಸಿ, “ಹದಿನೆಂಟೂವರೆ ಸಾಮಿ. ಅರ್ಧ ಇನ್ನೂ ಒಳಗೇ ಇತ್ತು, ಮುಳ್ಳು ಬಂದ್ಬುಡ್ತು” ಎಂದಳು.

ಹದಿನೆಂಟೂವರೆ ಎಂದೇ ಬರೆದಿದ್ದೇನೆ.